‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಓದಿದ ಮೇಲೆ: ಕೇಳುವವರನ್ನು ಅರ್ಥಕ್ಕೆ ಎಳೆದು ತರಬೇಕಾ, ಬಿಡಬೇಕಾ?

ಪ್ರಶ್ನೆ ಕೇಳಿದವರು: ಮಾದಾಪುರದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು. ಈಗ ಅದಕ್ಕೆ ‘ಅರಿವು ಕೇಂದ್ರ’ ಅಂತ ಬೋರ್ಡು ಬಂದಿದೆ, ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಶನಿವಾರ ಸಂಜೆ ಒಂದಷ್ಟು ಜನ ಸೇರಿ ವಚನ, ಕೀರ್ತನೆ, ತತ್ವಪದ ಓದುತ್ತೇವೆ. ಕಾಫಿ ತೋಟದ ಲೆಕ್ಕ ಬರೆಯುವ ರೈಟರು, ಅಂಗನವಾಡಿ ಟೀಚರು, ಮಿಲಿಟರಿಯಿಂದ ನಿವೃತ್ತರಾದ ಒಬ್ಬರು, ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ತೋಟದ ಕೆಲಸದವರ ಲೈನ್‌ಮನೆಯಿಂದ ಬರುವ ಇಬ್ಬರು ಹುಡುಗಿಯರು, ಮತ್ತೆ ಜಂಬೂರು ಬಡಾವಣೆಯ ಕೆಲವು ಹೆಂಗಸರು. ಜಂಬೂರು ಗೊತ್ತಿಲ್ಲದವರಿಗೆ ಹೇಳುವುದಾದರೆ, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಹೋದವರಿಗೆ ಸರ್ಕಾರ ಮನೆ ಕಟ್ಟಿಸಿಕೊಟ್ಟ ಜಾಗಗಳಲ್ಲಿ ಅದೂ ಒಂದು.

ಹೋದ ವಾರ ಅಕ್ಕಮಹಾದೇವಿಯ ವಚನ ತೆಗೆದೆವು. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ:

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದೊಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದೊಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದೊಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿ ನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ
ಸಮಾಧಾನಿಯಾಗಿರಬೇಕು.

ಓದಿ ಮುಗಿಸಿ ಪುಸ್ತಕ ಕೆಳಗಿಟ್ಟಿರಲಿಲ್ಲ, ಜಂಬೂರಿನ ಒಬ್ಬರು ಕೇಳಿದರು: “ನಾವು ಮೃಗಕ್ಕೆ ಅಂಜಿದವರಲ್ಲ. ಹಂದಿ, ಆನೆ ಎಲ್ಲಾ ಕಂಡೇ ಬದುಕಿದ್ದು. ಬೆಟ್ಟವೇ ಎದ್ದು ಬಂತಲ್ಲ, ಅದಕ್ಕೆ ನಿಮ್ಮ ಅಕ್ಕ ಏನು ಹೇಳ್ತಾಳೆ?”

ಮೇಷ್ಟ್ರು ಸಮಾಧಾನವಾಗಿಯೇ ಹೇಳಿದರು, “ಇಲ್ಲಿ ಬೆಟ್ಟ, ಮೃಗ ಎಲ್ಲಾ ದೃಷ್ಟಾಂತ ಕಣಮ್ಮ. ವಿಷಯ ಇರೋದು ಕೊನೆಯಲ್ಲಿ, ಸ್ತುತಿ ನಿಂದೆ.” ಅದಕ್ಕೆ ಆಕೆ, “ಬೆಟ್ಟ ಅಂದ್ರೆ ಬೆಟ್ಟವೇ ಸಾರ್. ನೀವು ಆ ದಿನ ಅಲ್ಲಿರಲಿಲ್ಲ” ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, “ಬೆಟ್ಟದಲ್ಲಿ ಯಾಕೆ ಮನೆ ಕಟ್ಟಿದಿರಿ ಅಂತ ಆಗಲೂ ಎಲ್ಲರೂ ಕೇಳಿದ್ರು” ಅಂತ ಸೇರಿಸಿದರು. ಆಮೇಲೆ ವಚನ ಎಲ್ಲಿಗೋ ಹೋಯಿತು. ಯಾರ ಕೊಟ್ಟಿಗೆಯಲ್ಲಿ ಹಸು ಬಿಚ್ಚಲಾಗಲಿಲ್ಲ, ಯಾರು ಯಾವ ದಾರಿಯಲ್ಲಿ ಓಡಿದರು, ಪರಿಹಾರ ಕೇಂದ್ರದಲ್ಲಿ ಯಾರ ಪಕ್ಕ ಯಾರು ಮಲಗಿದ್ದರು, ಬರೀ ಅದೇ. ಮೇಷ್ಟ್ರಿಗೆ ಬೇಸರವಾಯಿತು. ಹೊರಡುವಾಗ ನನ್ನ ಹತ್ತಿರ, “ಇದು ವಚನ ಓದುವ ಕೂಟವೋ ಸಂತ್ರಸ್ತರ ಸಭೆಯೋ, ನೀವೇ ನಿರ್ಧಾರ ಮಾಡಿ” ಅಂದುಹೋದರು.

ನನಗೆ ಇಬ್ಬರೂ ಬೇಕು. ಮೇಷ್ಟ್ರು ಇಲ್ಲದಿದ್ದರೆ ಅಲ್ಲಮನ ಒಂದು ವಚನವೂ ನಮಗೆ ಬಿಡಿಸಲು ಬರುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ, ಇಷ್ಟು ದಿನ ಓದಿದ್ದರಲ್ಲಿ ಜನ ಎದುರುತ್ತರ ಕೊಟ್ಟಿದ್ದು ಇದೊಂದಕ್ಕೇ. ಮಿಕ್ಕಿದ್ದಕ್ಕೆಲ್ಲ “ಎಷ್ಟು ಚೆನ್ನಾಗಿದೆ” ಅಂತ ತಲೆಯಾಡಿಸಿ ಕಾಫಿ ಕುಡಿದು ಹೋಗುವುದೇ. ಇಂಥ ಕಾವ್ಯ ಓದುವಾಗ ಕೇಳುವವರನ್ನು ಅರ್ಥದ ದಾರಿಗೆ ತರಬೇಕಾ, ಅವರು ಹೋದ ಕಡೆ ಬಿಡಬೇಕಾ? ಮುಂದಿನ ಶನಿವಾರ ಏನು ಮಾಡಲಿ?

---

ಅಮ್ಮತ್ತಿ ತೋಟದವ

ನಮ್ಮ ಕಡೆ ಓದಿದ್ದರೆ ಮೊದಲ ಸಾಲಿಗೇ ನಗು ಬರುತ್ತಿತ್ತು. ಬೆಳಗ್ಗೆ ವಾಟ್ಸಾಪಿನಲ್ಲಿ ಆನೆ ಯಾವ ತೋಟದಲ್ಲಿದೆ ಅಂತ ನೋಡಿಯೇ ಕೆಲಸದವರನ್ನು ಒಳಗೆ ಬಿಡುವುದು. ವಾಸನೆಗೆ ಬರುತ್ತವೆ ಅಂತ ಹಲಸನ್ನು ಹಣ್ಣಾಗಲು ಬಿಡದೆ ಕಾಯಿ ಇರುವಾಗಲೇ ಕೆಡವುತ್ತೇವೆ. ಮೃಗಕ್ಕೆ ಅಂಜುವವನೇ ಇಲ್ಲಿ ಬುದ್ಧಿವಂತ. ಅಕ್ಕನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಹೆಚ್ಚು ಹೇಳಲು ನನಗೆ ಓದಿಲ್ಲ.

---

ಕೊಡ್ಲಿಪೇಟೆ, ಈಗ ಮೈಸೂರು

ಮೇಷ್ಟ್ರ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ, ನಾನೇ ಮಾತಾಡುತ್ತೇನೆ.

ಓದುವವರ ಅನುಭವವೇ ಕೊನೆ ಮಾತು ಅಂತ ಬಿಟ್ಟುಬಿಟ್ಟರೆ ಬಸವಣ್ಣ, ಅಕ್ಕ, ಕನಕದಾಸ, ಷರೀಫ ಎಲ್ಲರೂ ಒಂದೇ ಹಾಡು ಹಾಡಿದ ಹಾಗಾಗುತ್ತದೆ: ನಮ್ಮ ಹಾಡು. ಅವರ ಮಾತು ಕೇಳಬೇಕಾದರೆ ನಾವು ಸ್ವಲ್ಪ ಸುಮ್ಮನಿರಬೇಕು. ಹನ್ನೆರಡನೇ ಶತಮಾನದ ಈ ಮಾತುಗಳು ನಮ್ಮ ತನಕ ತಾವಾಗಿ ನಡೆದು ಬಂದದ್ದೂ ಅಲ್ಲ. ಓಲೆಗರಿಯಲ್ಲಿ ಬರೆದಿಟ್ಟವರು, ಸ್ಥಲಕ್ಕೆ, ಅಂದರೆ ಭಕ್ತಿಯ ಮೆಟ್ಟಿಲಿಗೆ, ಸರಿಯಾಗಿ ಜೋಡಿಸಿದವರು, ಟೀಕೆ ಬರೆದವರು ಇದ್ದರು. ಬಿಜಾಪುರದಲ್ಲಿ ವಕೀಲಿಕೆ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸದೆ ಇದ್ದಿದ್ದರೆ ನಿಮ್ಮ ಲೈಬ್ರರಿಯ ಕಪಾಟಿನಲ್ಲಿ ಏನಿರುತ್ತಿತ್ತೋ.

ಹಾಗಂತ ಎದುರು ಮಾತಾಡಬಾರದು ಅನ್ನುವವಳು ನಾನಲ್ಲ. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಮೊದಲಿಗೆ ಕೂಡಿಸಿದ ‘ಶೂನ್ಯಸಂಪಾದನೆ’ಯಲ್ಲಿ ಇರುವುದೆಲ್ಲ ಎದುರು ಮಾತೇ. ಆಮೇಲೆ ಮೂವರು ಅದನ್ನು ಮತ್ತೆ ಮತ್ತೆ ಹೊಸದಾಗಿ ಸಂಪಾದಿಸಿದರು. ಒಬ್ಬರ ವಚನಕ್ಕೆ ಇನ್ನೊಬ್ಬರ ವಚನ ಉತ್ತರ. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಕೈಮುಗಿದು ಒಳಗೆ ಕರೆಯುವುದಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಹಾಕುತ್ತಾನೆ. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚು ಅಕ್ಕಿ ಆಯ್ದು ತಂದನೆಂದು ವಾಪಸು ಕಳಿಸುತ್ತಾಳೆ. ವಾದ ಮಾಡಿದವರೇ ಎಲ್ಲ. ಆದರೆ ವಾದ ಮಾಡಲು ಎದುರಿಗೆ ಒಬ್ಬರು ಇರಬೇಕಲ್ಲ?

ನಿಮ್ಮ ಜಂಬೂರಿನವರಿಗೆ ಎದುರಿಗೆ ಯಾರಿದ್ದಾರೆ ಅಂತ ನೀವು ಹೇಳಿದ್ದೀರಾ? ಕತೆಗಳಲ್ಲಿ ಬರುವ ಪ್ರಕಾರ ಅಕ್ಕ ಅರಸನ ಮನೆ ಬಿಟ್ಟು ಹೊರಟವಳು. ಇನ್ನೊಂದು ವಚನದಲ್ಲಿ ಹಸಿವಾದರೆ ಭಿಕ್ಷಾನ್ನ, ಬಾಯಾರಿದರೆ ಕೆರೆ ಹಳ್ಳ ಬಾವಿ, ‘ಶಯನಕ್ಕೆ ಹಾಳು ದೇಗುಲಗಳುಂಟು’ ಅನ್ನುತ್ತಾಳೆ. ಮನೆಯನ್ನು ಬೇಕೆಂದೇ ಬಿಟ್ಟವಳು ಮನೆ ಕಳೆದುಕೊಂಡವಳ ಮುಂದೆ ಮಾತಾಡುತ್ತಿದ್ದಾಳೆ. ಇಷ್ಟು ಗೊತ್ತಾದರೆ ಆಕೆಯ ಪ್ರಶ್ನೆ ಇನ್ನೂ ಹರಿತವಾಗುತ್ತದೆ, ಮೊಂಡಾಗುವುದಿಲ್ಲ. ಮೇಷ್ಟ್ರು ‘ದೃಷ್ಟಾಂತ’ ಅಂತ ಮುಗಿಸುವ ಬದಲು ಇದನ್ನು ಹೇಳಬಹುದಿತ್ತು. ಅಷ್ಟು ಮಟ್ಟಿಗೆ ಅವರ ಪರ ಇಲ್ಲ ನಾನು.

---

ಶಿಗ್ಗಾಂವಿಯವ, ಕುಶಾಲನಗರದಾಗ ನೌಕರಿ

ಮೇಡಂ, ನಿಮಗಾದದ್ದು ನನಗೂ ಆಗೇದ, ಆದ್ರ ತಿರುವು ಮುರುವು. ಇಲ್ಲಿ ಸಾಲಿಯೊಳಗ ಮಕ್ಕಳಿಗೆ ನಮ್ಮೂರ ಕಡೆಯ ಶಿಶುನಾಳ ಷರೀಫರ ಪದ ಹೇಳಿಕೊಟ್ಟೆ, ‘ಸೋರುತಿಹುದು ಮನೆಯ ಮಾಳಿಗಿ, ಅಜ್ಞಾನದಿಂದ’. ಜುಲೈ ತಿಂಗಳು, ಹೊರಗ ಮಳಿ ಜಡೀತಿತ್ತು. ಒಬ್ಬ ಹುಡುಗ ಎದ್ದು ನಿಂತು, “ಸಾರ್, ಅಜ್ಞಾನದಿಂದ ಅಲ್ಲ, ಹಂಚು ಒಡೆದಿದೆ, ನಮ್ಮನೆಯಲ್ಲಿ ಟಾರ್ಪಾಲು ಹಾಕಿದ್ದೇವೆ” ಅಂದ. ಇಡೀ ಕ್ಲಾಸು ನಕ್ಕಿತು.

ನಾನೂ ನಕ್ಕೆ, ಆದ್ರ ಅವನನ್ನ ಕೂಡ್ರಿಸಲಿಲ್ಲ. ನಮ್ಮ ಕಡೆ ಮಾಳಿಗಿ ಅಂದ್ರ ಹೆಂಗಿರ್ತದ ಅಂತ ಬೋರ್ಡ್ ಮ್ಯಾಲೆ ಚಿತ್ರ ಬರದೆ. ನಿಮ್ಮ ಕೊಡಗಿನ ಹಂಗ ಇಳಿಜಾರು ಹಂಚಲ್ಲ. ತೊಲಿ, ಜಂತಿ ಹಾಕಿ, ಮ್ಯಾಲೆ ಸಪಾಟಾಗಿ ಮಣ್ಣು ಹಾಕಿ ತುಳಿದಿರ್ತಾರ. ಮಳಿಗಾಲ ಬರೂ ಮೊದಲ ಮ್ಯಾಲೆ ಹತ್ತಿ ಬಿರುಕು ನೋಡಿ ಮತ್ತ ಮಣ್ಣು ಹಾಕಿ ಗಟ್ಟಿ ಮಾಡಬೇಕು. ಒಂದು ವರ್ಷ ಮೈಗಳ್ಳತನ ಮಾಡಿದ್ರ ಸೋರತದ. ಪದದಾಗ ‘ಮೇಲಕೇರಿ ಹೋಗಲಾರೆ’ ಅಂತ ಬರ್ತದಲ್ರೀ, ಅದು ಕಷ್ಟದ ಮಾತು, ಖರೇ ಖರೇ ಮ್ಯಾಲೆ ಹತ್ತೂ ಕೆಲಸ. ಆ ಕೆಲಸ ಕಂಡಾವಗ ‘ಅಜ್ಞಾನ’ ಅನ್ನೂದು ಬ್ಯಾರೇನ ಕೇಳಸ್ತದ: ಮಾಡಬೇಕಾದ್ದು ಗೊತ್ತಿದ್ದೂ ಮಾಡಲಾರದ್ದು. ಹಂಚು ಒಡದ ಮನಿಯ ಆ ಹುಡುಗನಿಗೆ ಇದು ಟಕ್ ಅಂತ ತಿಳೀತು. ಹಂಚು ಬದಲಿಸಬೇಕು ಅಂತ ಅವರಪ್ಪ ಬ್ಯಾಸಿಗ್ಯಾಗ ಹೇಳಿ ಬಿಟ್ಟಿದ್ದನಂತ.

ಅಶ್ವತ್ಥ್ ಅವರ ದನಿಯಾಗ ಈ ಪದಗಳನ್ನ ಕೇಳಿ ಕೇಳಿ ನಾವೆಲ್ಲ ಬರೇ ತಲಿ ಹಾಕೂದು ಕಲ್ತೇವಿ. ತಪ್ಪಂತಲ್ಲ, ನಾನೂ ಹಾಕ್ತೀನಿ. ಆದ್ರ 1819ರಾಗ ಹುಟ್ಟಿ ಗೋವಿಂದ ಭಟ್ಟರ ಶಿಷ್ಯನಾದ ಆ ಮನುಷ್ಯ ಮಾಳಿಗಿ, ಗಿರಣಿ, ಕೋಡಗ, ಕೋಳಿ ಅಂತ ಕಣ್ಣಿಗೆ ಕಂಡದ್ದನ್ನೆಲ್ಲ ಹಿಡಕೊಂಡು ಪದ ಕಟ್ಟಿದ. ಮೊದಲ ಮಾಳಿಗಿ ಮಾಳಿಗಿನ ಆಗಬೇಕು. ಆಮ್ಯಾಲೆ ಏನಾಗ್ತದೋ ಆಗ್ಲಿ.

---

ನಾಪೋಕ್ಲು ಅಜ್ಜ

ಎಲ್ಲರದ್ದೂ ಓದಿದೆ. ಕಣ್ಣು ಅಷ್ಟು ಚೆನ್ನಾಗಿಲ್ಲ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ತಪ್ಪಿದ್ದರೆ ಅವಳದ್ದು.

ನಾನು ಕೊಡವ, ಮನೆಮಾತು ಕೊಡವ ತಕ್ಕ್, ಕನ್ನಡ ಶಾಲೆಯಲ್ಲಿ ಕಲಿತದ್ದು. ದೇವರ ಪದ ಅಂದರೆ ನನ್ನ ಕಿವಿಗೆ ಮೊದಲು ಬರುವುದು ದುಡಿ, ನಮ್ಮ ಸಣ್ಣ ಕೈವಾದ್ಯ. ನಾಲ್ವರು ದುಡಿ ಹಿಡಿದು ಕೂತು, ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಂಡು ‘ಬಾಳೋ ಬಾಳೋ’ ಅಂತ ಶುರು ಮಾಡುವುದು. ಹಾಡಿನವರು ಪುತ್ತರಿಗೆ, ಅಂದರೆ ನಮ್ಮ ಸುಗ್ಗಿ ಹಬ್ಬಕ್ಕೆ, ಮನೆ ಮನೆಗೆ ಬರುತ್ತಿದ್ದರು. ದೇವರನ್ನು ಹೊಗಳಿದ ಬಾಯಲ್ಲೇ ಆ ಒಕ್ಕವನ್ನು (ಕುಲದ ಮನೆತನ), ಐನ್‌ಮನೆಯನ್ನು (ಮನೆತನದ ಮೂಲ ಮನೆ), ಅಲ್ಲಿ ಆಗಿಹೋದ ಕಾರಣವರನ್ನು (ಹಿರಿಯರು) ಹೊಗಳುವುದು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಬರೆದಿಟ್ಟದ್ದರಿಂದ ಅವೆಲ್ಲ ಉಳಿದವು. ಅದನ್ನು ಯಾರೂ ಸುಮ್ಮನೆ ಕೂತು ಕೇಳುವುದಿಲ್ಲ. ಹಾಡುವವ ಒಂದು ಸಾಲು ಹಾರಿಸಿದರೆ ಮೂಲೆಯಿಂದ ಯಾರಾದರೂ ಅಜ್ಜ ಬಯ್ಯುತ್ತಾರೆ. ಅವರಿಗೆ ಅದರ ಅರ್ಥ ಬಿಡಿಸಿ ಹೇಳಲು ಬರುತ್ತಿತ್ತೋ ಇಲ್ಲವೋ, ಸಾಲು ಮಾತ್ರ ಬರುತ್ತಿತ್ತು.

ಇದನ್ನು ಯಾಕೆ ಹೇಳಿದೆನೆಂದರೆ, ನಮ್ಮ ಹಾಡಿನಲ್ಲಿ ಮನೆ ಬಾಳಲಿ ಅಂತಲೇ ದೇವರ ಹತ್ತಿರ ಕೇಳುವುದು. ಮನೆ ಬಿಟ್ಟು ಹೊರಟ ಅಕ್ಕನ ಮಾತು ಅಂಥ ಕಿವಿಗೆ ಬಿದ್ದಾಗ ಎಲ್ಲೋ ಚುಚ್ಚುತ್ತದೆ. ಜಂಬೂರಿನ ಆಕೆ ಕೊಡವರೋ ಗೌಡರೋ ಬೇರೆಯವರೋ ಗೊತ್ತಿಲ್ಲ, ಈ ಬೆಟ್ಟದಲ್ಲಿ ಮನೆ ಅಂದರೆ ಎಲ್ಲರಿಗೂ ಅಷ್ಟೇ.

ಈಗ ವಚನಕ್ಕೆ ಬರುತ್ತೇನೆ. ರಾತ್ರಿ ನಿದ್ದೆ ಬರಲಿಲ್ಲ, ಅದನ್ನೇ ಮಗುಚಿ ಹಾಕುತ್ತಿದ್ದೆ. ಬೆಟ್ಟ, ಸಮುದ್ರ, ಸಂತೆ, ಮೂರು ಕಡೆಯೂ ‘ಮನೆಯ ಮಾಡಿ’ ಅನ್ನುತ್ತಾಳೆ. ಮಾಡಿದವರು ನಾವು, ಬೇಕಾದರೆ ಬೇರೆ ಕಡೆ ಮಾಡಬಹುದಿತ್ತು. ನಾಲ್ಕನೆಯದಕ್ಕೆ ಬಂದಾಗ ‘ಲೋಕದೊಳಗೆ ಹುಟ್ಟಿದ ಬಳಿಕ’. ಹುಟ್ಟನ್ನು ಯಾರು ಆರಿಸಿಕೊಂಡರು? ಮೂರು ಮೆಟ್ಟಿಲು ಹತ್ತಿಸಿ ನಾಲ್ಕನೆಯದನ್ನು ಬೇರೆ ಮರದಲ್ಲಿ ಮಾಡಿದ್ದಾಳೆ ಪುಣ್ಯಾತ್ಗಿತ್ತಿ! ಶಾಲೆಯಲ್ಲಿ ಇದನ್ನು ಯಾರೂ ನನಗೆ ತೋರಿಸಲಿಲ್ಲ. ಅಜ್ಜನ ಕಾಲದಿಂದ ಅದೇ ಗುಡ್ಡದಲ್ಲಿದ್ದವರು ಮನೆ ‘ಮಾಡಿದವರು’ ಅಲ್ಲವೇ ಅಲ್ಲ, ಅಲ್ಲಿ ಹುಟ್ಟಿದವರು. ಅಂದರೆ ಜಂಬೂರಿನ ಆಕೆಯ ಜಾಗ ಮೊದಲ ಸಾಲಿನಲ್ಲಿಲ್ಲ, ನಾಲ್ಕನೆಯದರಲ್ಲಿದೆ.

ಮತ್ತೆ ಆ ಪಕ್ಕದಲ್ಲಿ ಕೂತವರು ಹೇಳಿದ ಮಾತು. ಓದುಗಿಯವರೇ, ನೀವು ಅದನ್ನು ಬರೆದು ಹಾಗೇ ಮುಂದೆ ಹೋಗಿದ್ದೀರಿ, ನನಗೆ ಕಂಡ ಹಾಗೆ ಎಲ್ಲಾ ಇರುವುದು ಅಲ್ಲೇ. ‘ಬೆಟ್ಟದಲ್ಲಿ ಯಾಕೆ ಮನೆ ಕಟ್ಟಿದಿರಿ ಅಂತ ಆಗಲೂ ಕೇಳಿದ್ರು.’ 2018ರಲ್ಲಿ ಟೀವಿ ನೋಡಿದವರಿಗೆಲ್ಲ ನೆನಪಿರಬೇಕು. ಗುಡ್ಡ ಕಡಿದರು, ರೆಸಾರ್ಟು ಕಟ್ಟಿದರು, ಅನುಭವಿಸಲಿ. ಕಡಿದವರು ಇದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಬೈಗುಳ ಬಿದ್ದದ್ದು ಎರಡು ಎಕರೆ ತೋಟ, ನಾಲ್ಕು ಹಸು ಇಟ್ಟುಕೊಂಡವರ ತಲೆಗೂ. ಅದಕ್ಕೆ ಅಕ್ಕನ ಹತ್ತಿರ ಒಂದು ಹೆಸರಿದೆ: ನಿಂದೆ. ನಿಮ್ಮ ಕೂಟದಲ್ಲಿ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಅಂತ ಓದಿದಾಗ ಆ ಹೆಂಗಸರಿಗೆ ಕೇಳಿಸಿದ್ದು ಅದೇ ಹಳೆಯ ನಿಂದೆ. ಅವರಿಗೆ ಕೋಪ ಬಂತು. ಅಂದರೆ ಅವರು ದಾರಿ ತಪ್ಪಿದ್ದೆಲ್ಲಿ? ವಚನದ ಕೊನೆಯ ಸಾಲಿಗೆ ನಿಮ್ಮೆಲ್ಲರಿಗಿಂತ ಮೊದಲು ಅವರೇ ತಲುಪಿದರು. ಮೇಷ್ಟ್ರು ವಿಷಯ ಸ್ತುತಿ ನಿಂದೆ ಅಂದದ್ದು ಸರಿ, ಆದರೆ ನಿಂದೆ ಎದುರಿಗೇ ಕೂತಿತ್ತು, ನೋಡಲಿಲ್ಲ.

ನನಗೂ ದಿನಾ ಬೆಳಗ್ಗೆ ವಚನ ಬರುತ್ತದೆ, ಸೂರ್ಯೋದಯದ ಚಿತ್ರದ ಮೇಲೆ, ಅದರ ಮೇಲೊಂದು ಗುಲಾಬಿ ಬೇರೆ. ಕೆಳಗೆ ಐವತ್ತು ಜನ ಕೈಮುಗಿದಿರುತ್ತಾರೆ. ಯಾರಿಗೂ ಕೋಪ ಬಂದದ್ದು ನೋಡಿಲ್ಲ. ಓದಿದವರಿದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ.

---

ಕೊಡ್ಲಿಪೇಟೆ, ಈಗ ಮೈಸೂರು

ಅಜ್ಜಯ್ಯ, ‘ಮನೆಯ ಮಾಡಿ’ ಮತ್ತು ‘ಹುಟ್ಟಿದ ಬಳಿಕ’ ನೀವು ಹಿಡಿದದ್ದು ತುಂಬ ಹಿಡಿಸಿತು. ಒಂದು ಕಡೆ ಮಾತ್ರ ನಿಲ್ಲುತ್ತೇನೆ. ಕೊನೆಯ ಸಾಲಿಗೆ ಅವರು ತಲುಪಿದರು ಅಂದರೆ ಮುಂದೆ ಏನು, ‘ಕೋಪವ ತಾಳದೆ ಸಮಾಧಾನಿಯಾಗಿರಬೇಕು’ ಅಂತ ಅವರಿಗೆ ಹೇಳುವುದಾ? ಮನೆ ಕಳೆದುಕೊಂಡವರಿಗೆ? ಅದಕ್ಕಿಂತ ಮೇಷ್ಟ್ರ ದೃಷ್ಟಾಂತವೇ ವಾಸಿ.

---

ನಾಪೋಕ್ಲು ಅಜ್ಜ

ನಾನು ಯಾಕೆ ಹೇಳಲಿ ಮಗಳೇ? ಅಕ್ಕ ಹೇಳಿದ್ದೂ ನಮಗಲ್ಲವಲ್ಲ. ‘ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ’ ಅಂತಿದೆ. ಅವಳು ತನ್ನ ದೇವರ ಮುಂದೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಹೆಂಗಸೊಬ್ಬಳು ಆ ಕಾಲದಲ್ಲಿ ಹಾಗೆ ಹೊರಟರೆ ಎಷ್ಟು ನಿಂದೆ ಬಿದ್ದಿರಬೇಕು, ಕೋಪ ಬರದೆ ಇದ್ದೀತಾ? ಬಂದದ್ದಕ್ಕೇ ಬೇಡ ಬೇಡ ಅಂದುಕೊಂಡದ್ದು. ನಾವು ಮಧ್ಯೆ ನುಗ್ಗಿ ಅದನ್ನು ಕಸಿದುಕೊಂಡು ಬೇರೆಯವರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಗೋಡೆಗೆ ಬರೆಯುತ್ತೇವೆ. ‘ಸಮಾಧಾನಿಯಾಗಿರಬೇಕು’ ಅಂತ ಆಕೆಗೆ ಹೇಳಲು ನನಗೂ ಹಕ್ಕಿಲ್ಲ, ಮೇಷ್ಟ್ರಿಗೂ ಇಲ್ಲ. ಆಕೆ ತಾನೇ ಹೇಳಿಕೊಂಡರೆ ಅದು ಬೇರೆ. ಹೇಳಿಕೊಳ್ಳದಿದ್ದರೂ ಅದು ಅವರಿಷ್ಟ.

---

ಮಾದಾಪುರದ ಓದುಗಿ

ಎಲ್ಲರಿಗೂ ಉಪಕಾರವಾಯಿತು. ಅಜ್ಜ, ಪಕ್ಕದವರ ಮಾತನ್ನು ನೀವು ಹಿಡಿದ ಮೇಲೆ ನಿನ್ನೆ ಪುಸ್ತಕ ವಾಪಸು ಕೊಡಲು ಬಂದಾಗ ಅವರನ್ನೇ ಕೇಳಿದೆ. ಪರಿಹಾರ ಕೇಂದ್ರಕ್ಕೆ ಹಳೆಬಟ್ಟೆ ಹಂಚಲು ಬಂದವರೇ ಹಾಗೆ ಕೇಳಿದ್ದರಂತೆ, “ಅಂಥ ಜಾಗದಲ್ಲಿ ಯಾಕಿದ್ದಿರಿ” ಅಂತ. ಸೀರೆ ಕೈಯಲ್ಲಿ ಹಿಡಿದುಕೊಂಡು ಏನು ಉತ್ತರ ಕೊಡುವುದು ಅಂದರು.

ಮುಂದಿನ ಶನಿವಾರ ಅದೇ ವಚನ ಮತ್ತೆ ಓದುತ್ತೇನೆ. ಜೊತೆಗೆ ಕೊಡ್ಲಿಪೇಟೆಯವರು ಹೇಳಿದ ಹಾಳು ದೇಗುಲದ ವಚನ. ಅಕ್ಕ ಯಾರು, ಎಲ್ಲಿಂದ ಹೊರಟಳು ಅನ್ನುವುದನ್ನು ಮೇಷ್ಟ್ರೇ ಹೇಳಲಿ, ಅವರಷ್ಟು ಚೆನ್ನಾಗಿ ನನಗೆ ಬರುವುದಿಲ್ಲ. ಫೋನ್ ಮಾಡಿದೆ, ಮೊದಲು ಬಿಗುವಾಗಿದ್ದರು, ಆಮೇಲೆ ಒಪ್ಪಿದರು. ಶಿಗ್ಗಾಂವಿಯವರು ಕುಶಾಲನಗರದಲ್ಲೇ ಇದ್ದೀರಲ್ಲ, ದೂರವಿಲ್ಲ, ಮಾಳಿಗೆ ಪದ ಹಾಡಲು ಒಂದು ಶನಿವಾರ ಬರಬೇಕು. ನಮ್ಮಲ್ಲೂ ಹಂಚು ಒಡೆದಿದೆ, ಪಂಚಾಯಿತಿಗೆ ಬರೆದಾಗಿದೆ.

ಮೊದಲು ಎಲ್ಲರೂ ಅನಿಸಿದ್ದು ಹೇಳಲಿ, ಮೇಷ್ಟ್ರು ಕೊನೆಗೆ ಮಾತಾಡಲಿ ಅಂತ ಮಾಡಿದ್ದೇನೆ. ಸರಿಯಾ?

---

ನಾಪೋಕ್ಲು ಅಜ್ಜ

ಸರಿಯಿಲ್ಲ. ಕೊನೆಗೆ ಬಿಟ್ಟರೆ ಅವರ ಮಾತೇ ತೀರ್ಪಾಗುತ್ತದೆ, ಎಲ್ಲರೂ ನೋಟ್ಸ್ ಬರೆದುಕೊಂಡು ಎದ್ದು ಹೋಗುತ್ತಾರೆ. ಮಧ್ಯಕ್ಕೆ ಹಾಕಿ. ಅವರಾದ ಮೇಲೆ ಜಂಬೂರಿನವರು ಇನ್ನೊಮ್ಮೆ ಮಾತಾಡಲಿ.

---

ಶಿಗ್ಗಾಂವಿಯವ, ಕುಶಾಲನಗರದಾಗ ನೌಕರಿ

ಬರ್ತೀನ್ರಿ ಮೇಡಂ. ತಂಬೂರಿ ನನ್ನ ಕಡೆ ಇಲ್ಲ, ಇದ್ದವರು ಯಾರಾದ್ರೂ ತರ್ರಿ.